ನೇಥನ್‌ನ ವಿರುದ್ಧ ಒಂದು ಪುಟ

ಕಳೆದ ಶನಿವಾರ ಬೇಸ್‌ಮೆಂಟಿನ ಕಪಾಟು ಒಪ್ಪ ಮಾಡುತ್ತಿದ್ದಾಗ ಕಾಗದಕ್ಕೆ ತೂತು ಹೊಡೆಯುವ ಹಳೆಯ ಪಂಚಿಂಗ್ ಮಶೀನು ಕೈಗೆ ಸಿಕ್ಕಿತು. ಎತ್ತಿದ್ದೇ ತಡ, ತಳ ಕಳಚಿ ಬಿಳಿ ಚುಕ್ಕೆಗಳೆಲ್ಲ ಕಾರ್ಪೆಟ್ಟಿನ ಮೇಲೆ ಸುರಿದವು. ಮಗಳು ಮೆಟ್ಟಿಲ ಮೇಲಿಂದಲೇ, ಪಾರ್ಟಿಗಳಲ್ಲಿ ತೂರುವ ಕಾಗದದ ಚೂರುಗಳೆಂದುಕೊಂಡು, "ಅಮ್ಮಾ, ಈಸ್ ದಟ್ ಕನ್‌ಫೆಟಿ?" ಎಂದಳು. ಅಲ್ಲ, ನನ್ನ ಹಳೆಯ ನೌಕರಿ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಿಮಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಧಾರವಾಡದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವಳು ನಾನು. ಈ ಪರದೇಶಕ್ಕೆ ಬಂದ ಮೇಲೆ ಎಂಟು ತಿಂಗಳು ಅಂಗಡಿಯೊಂದರಲ್ಲಿ ಶಾಂಪೂ ಬಾಟಲಿ ಜೋಡಿಸಿದೆ. ಲೇಬಲ್ಲುಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಲ್ಲುವಂತೆ ಜೋಡಿಸುತ್ತಿದ್ದೆ. ಅದರ ಹೆಮ್ಮೆ ಈಗಲೂ ಇದೆ. ಆ ವರ್ಷ ಕನ್ನಡದವರ ದೀಪಾವಳಿ ಊಟದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಬೆಳಗಾವಿ ಕಡೆಯ ದೇಸಾಯಿಯವರು. ವಕೀಲರು. ಸ್ಟ್ರೀಟ್ಸ್‌ವಿಲ್‌ನ ಕ್ವೀನ್ ಸ್ಟ್ರೀಟಿನಲ್ಲಿ ಹೂವಿನ ಅಂಗಡಿಯ ಮೇಲೆ ಅವರ ಆಫೀಸು. ಕೆಲವು ಬೇಸ್‌ಬಾಲ್ ಆಟಗಾರರಿಗೆ ಏಜೆಂಟು. ಅಂದರೆ ಆಟಗಾರನ ಪರವಾಗಿ ಕ್ಲಬ್ಬಿನವರ ಜೊತೆ ಸಂಬಳದ ಮಾತು ಆಡುವುದು ಅವರ ಕಸುಬು.

"ಬೇಸ್‌ಬಾಲ್ ಗೊತ್ತೇನ್ರಿ ಮೇಡಂ?" ಎಂದು ಕೇಳಿದರು. ಏನೂ ಗೊತ್ತಿಲ್ಲ ಎಂದೆ.

"ಛಲೋ ಆತು. ಗೊತ್ತಿದ್ದವರಿಗೆಲ್ಲಾ ಒಂದೊಂದು ಅಭಿಪ್ರಾಯ ಇರ್ತದ. ನನಗ ಲೆಕ್ಕಾ ಮಾಡೋರು ಬೇಕಾಗ್ಯಾರ."

ಹೀಗೆ ನಾನು ಕ್ರೀಡಾಲೋಕಕ್ಕೆ ಕಾಲಿಟ್ಟೆ. ಶಾಲೆಯಲ್ಲಿ ಖೋ ಖೋ ಆಡುವಾಗಲೂ ಎದ್ದು ಓಡಲಾರದೆ ಕೂತವಳು ಎಂಬುದನ್ನು ಅವರಿಗೆ ಹೇಳಲಿಲ್ಲ.

ಆಟ ಮುಗಿದು ಆಟಗಾರರು ಮನೆಗೆ ಹೋದ ಮೇಲೆ ಏಜೆಂಟರ ಆಟ ಶುರುವಾಗುತ್ತದೆ ಎಂಬುದು ನನಗೆ ಹೊಸ ವಿಷಯ. ನವೆಂಬರಿನಿಂದ ದೇಸಾಯಿಯವರ ಫೋನು ಕಿವಿಯಿಂದ ಇಳಿಯುತ್ತಿರಲಿಲ್ಲ. ವಿಚಿತ್ರವೆಂದರೆ ಅವರು ಮಾತಾಡಿದ್ದಕ್ಕಿಂತ ಸುಮ್ಮನಿದ್ದದ್ದೇ ಹೆಚ್ಚು. ಅತ್ತಲಿಂದ ಒಂದು ಮೊತ್ತ ಹೇಳಿದರೆ ಇವರು ಉಸಿರೂ ಬಿಡದೆ ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದರು. ಲೈನು ಕಟ್ಟಾಯಿತೇನೋ ಎಂದು ಒಮ್ಮೆ ನಾನೇ ಎದ್ದು ಹೋಗಿ ನೋಡಿದ್ದೆ. ಕೈಸನ್ನೆ ಮಾಡಿ ಕೂರಿಸಿದರು. ಆ ಮೌನ ತಡೆಯಲಾರದೆ ಅತ್ತಲಿನವರೇ ಇನ್ನೇನೋ ಸೇರಿಸುತ್ತಿದ್ದರಂತೆ.

ಕ್ಲಬ್ಬಿನ ಕರಾರು ಮುಗಿದು ಪೂರ್ತಿ ಸ್ವತಂತ್ರನಾದ ಆಟಗಾರನಿದ್ದರೆ ಹತ್ತು ಕ್ಲಬ್ಬುಗಳಿಗೆ ಫೋನು ಮಾಡಬಹುದು. ಆದರೆ ಆ ಚಳಿಗಾಲ ನಮ್ಮ ಮುಖ್ಯ ಕೆಲಸವೆಲ್ಲ ನೇಥನ್ ಎಂಬ ಹುಡುಗನದು. ಅವನಿಗೆ ಆ ಸ್ವಾತಂತ್ರ್ಯ ಬರಲು ಇನ್ನೂ ಕೆಲವು ವರ್ಷ ಬೇಕಿತ್ತು. ಇದ್ದ ಕ್ಲಬ್ಬಿನ ಜೊತೆಯೇ ಮಾತು. ಮಾತು ಕೂಡಿ ಬರದಿದ್ದರೆ ಇಬ್ಬರೂ ಒಂದೊಂದು ಮೊತ್ತ ಬರೆದುಕೊಟ್ಟು ಮೂವರು ಪಂಚರ ಮುಂದೆ ಹೋಗಬೇಕು. ಪಂಚರು ಎರಡರಲ್ಲಿ ಒಂದನ್ನು ಆರಿಸುತ್ತಾರೆ. ನಡುವಿನದೊಂದನ್ನು ಹೇಳುವ ಅಧಿಕಾರ ಅವರಿಗಿಲ್ಲ. ಆ ವಿಚಾರಣೆಯಲ್ಲಿ ಕ್ಲಬ್ಬಿನ ವಕೀಲರು ತಮ್ಮದೇ ಆಟಗಾರ ಎಷ್ಟು ಸಾಧಾರಣದವನು ಎಂದು ವಾದಿಸುತ್ತಾರೆ, ಅವನನ್ನು ಎದುರಿಗೇ ಕೂರಿಸಿಕೊಂಡು. ಮುಂದಿನ ತಿಂಗಳು ಅವನು ಅವರದೇ ಅಂಗಿ ತೊಟ್ಟು ಆಡಬೇಕು.

ನೇಥನ್ ಕ್ಯಾಚರ್. ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು, ಪಿಚರ್ ಎಸೆದ ಚೆಂಡು ಹಿಡಿಯುವವನು. ನ್ಯೂಮಾರ್ಕೆಟ್ಟಿನವನು, ತಾಯಿ ಅಲ್ಲಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಅವನಂಥ ಆಟಗಾರರು ಹಿಂದೆ ಎಷ್ಟು ಪಡೆದರು ಎಂದು ಹುಡುಕಿ ಪಟ್ಟಿ ಮಾಡುವುದು ನನ್ನ ಕೆಲಸವಾಗಿತ್ತು. ಅದು ಮುಗಿದ ದಿನ ದೇಸಾಯಿಯವರು ಇನ್ನೊಂದು ಕೆಲಸ ಕೊಟ್ಟರು.

"ಈಗ ನೀವು ಆ ಕಡೆ ವಕೀಲರು ಅಂತ ತಿಳ್ಕೊಳ್ರಿ. ಇವಗ ಇಷ್ಟು ಯಾಕ ಕೊಡಬಾರ್ದು, ಬರೀರಿ. ದಾಕ್ಷಿಣ್ಯ ಬ್ಯಾಡ. ಅವರು ಏನಂತಾರ ಅನ್ನೋದು ನಮಗ ಮೊದಲ ಗೊತ್ತಿರಬೇಕು."

ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದ ಕೈ ಇದು. ಬರೆದೆ. ಎಸೆತ ನಿಧಾನ. ಬೇಸಿಗೆ ಮುಗಿಯುವ ಹೊತ್ತಿಗೆ ಬ್ಯಾಟು ಸೋಲುತ್ತದೆ. ಕೊನೆಯದನ್ನು ನಾನೇ ಕಂಡುಹಿಡಿದಿದ್ದೆ: ತಂಡದ ಅತ್ಯುತ್ತಮ ಪಿಚರ್ ಆಡುವ ದಿನಗಳಲ್ಲಿ ನೇಥನ್ ಹೆಚ್ಚಾಗಿ ಬೆಂಚಿನ ಮೇಲಿರುತ್ತಾನೆ, ಆ ಪಿಚರ್‌ಗೆ ಇವನು ಬೇಡ. ಯಾವ ಪತ್ರಿಕೆಯಲ್ಲೂ ಬಂದಿರದ ಸಂಗತಿ. ಅಂದು ಮನೆಗೆ ಹೋಗಿ ಗಂಡನಿಗೆ ಎರಡು ಸಲ ಹೇಳಿದೆ.

ಜನವರಿಯಲ್ಲಿ ಒಂದು ಮಧ್ಯಾಹ್ನ ನೇಥನ್ ಆಫೀಸಿಗೆ ಬಂದ. ದೇಸಾಯಿಯವರು ಒಳಗೆ ಫೋನಿನಲ್ಲಿದ್ದರು. ಅವನನ್ನು ನನ್ನ ಮೇಜಿನ ಮುಂದೆ ಕೂರಿಸಿ ಚಹಾ ಮಾಡಲು ಹೋದೆ. ಬರುವಷ್ಟರಲ್ಲಿ ನಾನು ತೆರೆದಿಟ್ಟು ಹೋಗಿದ್ದ ಫೈಲಿನಲ್ಲಿ ಅದೇ ಪುಟವನ್ನು ಅವನು ಓದುತ್ತಿದ್ದ. ಚಹಾ ಕೈಯಲ್ಲೇ ಉಳಿಯಿತು. ಅವನ ಬೆರಳು ಕೊನೆಯ ಸಾಲಿನ ಮೇಲಿತ್ತು.

ಇದನ್ನು ನಿಮಗೆ ಯಾರು ಹೇಳಿದರು ಎಂದು ಕೇಳಿದ. ಯಾರೂ ಹೇಳಿಲ್ಲ, ಪಂದ್ಯಗಳನ್ನು ಎಣಿಸಿದೆ ಎಂದೆ. ಕ್ಷಮೆ ಕೇಳಿದೆ. ಅದು ಅವನಿಗೆ ಕೇಳಿಸಿದಂತೆ ಕಾಣಲಿಲ್ಲ. ಬೆರಳು ಅಲ್ಲಿಂದ ತೆಗೆಯದೆ, "ಎರಡು ವರ್ಷದಿಂದ ಇದು ನನ್ನ ಭ್ರಮೆಯೇ ಅಂತ ಕೇಳಿಕೊಳ್ಳುತ್ತಿದ್ದೆ. ಅಮ್ಮನಿಗೂ ಹೇಳಿರಲಿಲ್ಲ," ಎಂದ. ಅವನು ಹೇಳಿದ್ದು ಇಂಗ್ಲಿಷಿನಲ್ಲಿ, ಆದರೆ ನನಗೆ ನೆನಪಿರುವುದು ಹೀಗೆ.

ಬಾಗಿಲಲ್ಲಿ ದೇಸಾಯಿಯವರು ನಿಂತಿದ್ದರು. ನನ್ನ ನೌಕರಿ ಹೋಯಿತು ಎಂದುಕೊಂಡೆ. ಅವರು ಬೈಯಲಿಲ್ಲ. ಕ್ಲಬ್ಬಿನವರು ನಡುವಿನ ಮೊತ್ತಕ್ಕೆ ಒಪ್ಪುವ ಲಕ್ಷಣವಿದೆ, ಮುಗಿಸಿಬಿಡೋಣ ಎಂದು ನೇಥನ್‌ಗೆ ಹೇಳಿದರು. ಅದುವರೆಗೆ ಅವನೂ ಅದನ್ನೇ ಬಯಸಿದ್ದ. ಆ ವಿಚಾರಣೆಯ ಕೋಣೆಯಲ್ಲಿ ಕೂರಲಾರೆ ಎಂದು ಎಷ್ಟೋ ಸಲ ಹೇಳಿದ್ದನಂತೆ. ಈಗ ಮಾತ್ರ ತಲೆ ಅಲ್ಲಾಡಿಸಿದ. ಹೆದರಿಕೆಯಿದ್ದದ್ದು ಇದನ್ನೆಲ್ಲ ಕೇಳಬೇಕಲ್ಲ ಎಂದು. ಕೇಳಿ ಆಯಿತು, ವಿಚಾರಣೆಗೆ ಹೋಗೋಣ ಎಂದ.

ಫೆಬ್ರವರಿಯಲ್ಲಿ ಫ್ಲಾರಿಡಾದ ಹೋಟೆಲೊಂದರಲ್ಲಿ ವಿಚಾರಣೆ ನಡೆಯಿತು. ಆ ಪಂಚಿಂಗ್ ಮಶೀನಿನಲ್ಲಿ ತೂತು ಹೊಡೆದು ಕಟ್ಟಿದ ಫೈಲುಗಳನ್ನು ಕಳಿಸಿ ನಾನು ಇಲ್ಲೇ ಉಳಿದೆ. ಮರುದಿನ ಫೋನು ಬಂತು. "ಸೋತ್ವಿ, ಮೇಡಂ," ಎಂದರು ದೇಸಾಯಿಯವರು. ನನ್ನಿಂದಲೇ ಆಯಿತಲ್ಲ ಸರ್ ಎಂದೆ. ಅವರು ತಮ್ಮ ಅಭ್ಯಾಸದಂತೆ ಸುಮ್ಮನಾದರು. ಆ ಮೌನ ಏನೆಂದು ಗೊತ್ತಿದ್ದೂ ನಾನು ತಡೆಯಲಾರದೆ ಇನ್ನೊಂದಿಷ್ಟು ತಪ್ಪೊಪ್ಪಿಕೊಂಡೆ. ಕೊನೆಗೆ, "ಆಡಾವ ಅವ. ಹೋಗೋಣಂತ ಅಂದಾವನೂ ಅವ. ನಾವಿಬ್ರೂ ಅವನ ಕೆಲಸದವ್ರು," ಎಂದರು. ಆಮೇಲೆ ಫೋನು ನೇಥನ್ ಕೈಗೆ ಹೋಯಿತು. ಕ್ಲಬ್ಬಿನ ವಕೀಲರು ನಿಮ್ಮಷ್ಟು ಕಠಿಣವಾಗಿರಲಿಲ್ಲ, ಪಿಚರ್ ವಿಷಯ ಅವರಿಗೆ ಹೊಳೆದೇ ಇರಲಿಲ್ಲ ಎಂದ. ನಕ್ಕನೋ ಇಲ್ಲವೋ ತಿಳಿಯಲಿಲ್ಲ.

ಆ ವಸಂತದಲ್ಲಿ ಅವನು ಆ ಪಿಚರ್‌ನನ್ನೇ ಹೋಗಿ ಕೇಳಿದನಂತೆ, ನಾನು ಯಾಕೆ ಬೇಡ ಎಂದು. ಕಷ್ಟದ ಹೊತ್ತಿನಲ್ಲಿ ಧೈರ್ಯ ಹೇಳಲು ನೀನು ಪದೇಪದೇ ನನ್ನ ಹತ್ತಿರ ನಡೆದು ಬರುತ್ತೀಯ, ನನ್ನನ್ನು ನನ್ನಷ್ಟಕ್ಕೆ ಬಿಡು ಎಂದನಂತೆ ಆತ. ಇಷ್ಟಕ್ಕೆ ಎರಡು ವರ್ಷ. ಮುಂದೆ ಆ ಪಿಚರ್ ಆಡುವ ದಿನಗಳಲ್ಲೂ ನೇಥನ್ ಆಡಿದ. ಎಲ್ಲ ದಿನಗಳಲ್ಲಿ ಅಲ್ಲ, ನಾನು ಎಣಿಸಿದ್ದೇನೆ.

ಈಗ ನಾನು ಓಕ್‌ವಿಲ್‌ನ ವಿಮಾ ಕಚೇರಿಯೊಂದರಲ್ಲಿದ್ದೇನೆ. ಕೈಕೆಳಗೆ ನಾಲ್ವರಿದ್ದಾರೆ, ವರ್ಷಕ್ಕೊಮ್ಮೆ ಅವರ ಬಗ್ಗೆ ವರದಿ ಬರೆಯಬೇಕು. ಇಷ್ಟು ವರ್ಷ ಎಲ್ಲರಿಗೂ ಒಳ್ಳೆಯದನ್ನೇ ಬರೆದೆ. ಅದು ಒಳ್ಳೆಯತನವಲ್ಲ, ಇನ್ನೊಬ್ಬರ ಮುಖ ಬಾಡುವುದನ್ನು ನೋಡಲಾರದ ಪುಕ್ಕಲುತನ. ಅವರಲ್ಲೊಬ್ಬಳು, ಹರ್‌ಪ್ರೀತ್ ಎಂಬ ಹುಡುಗಿ, ಮೂರು ವರ್ಷದಿಂದ ಬಡ್ತಿಗೆ ಅರ್ಜಿ ಹಾಕುತ್ತಲೇ ಇದ್ದಾಳೆ. ಯಾಕೆ ಸಿಗುತ್ತಿಲ್ಲವೆಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಆ ಚುಕ್ಕೆಗಳು ಸುರಿದ ಶನಿವಾರ ಕಳೆದು ಸೋಮವಾರ ಅವಳನ್ನು ಕರೆದು ಬಾಗಿಲು ಮುಂದೆ ಮಾಡಿದೆ. ಕಾಗದದ ಮೇಲೆ ಬರೆಯುವ ಮೊದಲು ಎದುರಿಗೇ ಹೇಳುತ್ತೇನೆ ಎಂದು, ಬಡ್ತಿ ಸಿಗದಿರುವ ಮೊದಲ ಕಾರಣ ಹೇಳಿದೆ. ಅವಳ ಮುಖ ಸಣ್ಣದಾಯಿತು. ಚಹಾ ತರಿಸಲೇ ಎನ್ನಬೇಕೆನಿಸಿತು, ಅನ್ನಲಿಲ್ಲ. ಅವಳು ಪೆನ್ನು ತೆಗೆದುಕೊಂಡು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಎರಡನೆಯದು ಏನು ಎಂದು ಕೇಳಿದಳು.