ಪಂಪಿನ ಬುಡದ ಬಿಸಿ

ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಮೊಮ್ಮಗಳು ಪವಿತ್ರ ಚಳ್ಳಕೆರೆಯಲ್ಲಿ ಕಾರಿನ ಏಸಿ ರಿಪೇರಿ ಅಂಗಡಿ ಹಾಕಿದ ಮೇಲೆ ನನ್ನ ಬಾಯಿಗೆ ಬ್ರೇಕು ಇಲ್ಲ. ಮೊನ್ನೆ ಬಸ್ಸಿನಲ್ಲಿ ಪಕ್ಕದವರಿಗೆ ಕಂಪ್ರೆಸರ್ ವಿಷಯ ಹೇಳುತ್ತಾ ಹೇಳುತ್ತಾ, ತಳಕಿನಲ್ಲಿ ಇಳಿಯಬೇಕಾದವನು ಬಿ.ಜಿ. ಕೆರೆವರೆಗೆ ಹೋಗಿಬಿಟ್ಟೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ತಳಕಿನಲ್ಲಿ ನಲವತ್ತು ವರ್ಷ ಸೈಕಲ್ ಶಾಪ್ ನಡೆಸಿದವನು. ಕಂಪ್ರೆಸರ್ ಎಂದರೆ ತಂಪು ಮಾಡುವ ಯಂತ್ರ ಎಂದೇ ತಿಳಿದಿದ್ದೆ. ಒಂದು ದಿನ ಮಗನ ಕಾರಿನ ಬಾನೆಟ್ ಎತ್ತಿದ್ದಾಗ ಅದನ್ನು ಮುಟ್ಟಿದರೆ ಕೆಂಡ! ಪಾಪ, ಅದಕ್ಕೂ ಸೆಕೆ ಎಂದುಕೊಂಡು, ನೀರಿನ ಗಡಿಗೆಗೆ ಸುತ್ತುವ ಹಾಗೆ ಒದ್ದೆ ಗೋಣಿಚೀಲ ಹೊದಿಸಲು ಹೋದೆ.

“ತಾತಾ, ತೆಗಿ ಅದನ್ನ! ಬೆಲ್ಟಿಗೆ ಸಿಕ್ರೆ ಚೀಲದ ಜೊತೆ ನೀನೂ ಸುತ್ತುತೀಯ,” ಎಂದು ಪವಿತ್ರ ಓಡಿ ಬಂದಳು. “ಅದು ಬಿಸಿ ಆಗ್ಲೇಬೇಕು. ನಿನ್ನ ಪಂಪಿನ ಬುಡ ಬಿಸಿ ಆಗ್ತಿರ್ಲಿಲ್ವಾ?”

ಆಗುತ್ತಿತ್ತು. ಗಾಳಿ ಹೊಡೆದು ಮುಗಿಸುವಷ್ಟರಲ್ಲಿ ಕೈ ಚುರ್ರೆನ್ನುತ್ತಿತ್ತು. ಅದುಮಿದರೆ ಗಾಳಿ ಕಾಯುತ್ತದೆ. ಕಂಪ್ರೆಸರ್ ಕೆಲಸವೂ ಅಷ್ಟೇ: ಗ್ಯಾಸನ್ನು ಎಳೆದು ಅದುಮುವುದು. ಕಾದ ಗ್ಯಾಸು ಕಾರಿನ ಮೂತಿಯಲ್ಲಿರುವ ಜಾಲರಿಯಲ್ಲಿ ಬಿಸಿ ಕಳೆದುಕೊಂಡು ನೀರಿನಂತಾಗುತ್ತದೆ. ಆಮೇಲೆ ಸಣ್ಣ ತೂತಿನಿಂದ ಒಮ್ಮೆಲೇ ಹೊರಬಿದ್ದು ಹಿಗ್ಗಿ ತಣ್ಣಗಾಗಿ, ಒಳಗೆ ಕೂತವರ ಸೆಕೆ ಹೀರಿಕೊಂಡು ಕಂಪ್ರೆಸರಿಗೇ ವಾಪಸು ಬರುತ್ತದೆ.

ಅಂಗಡಿ ತೆರೆದು ವಾರವಾದರೂ ಗಿರಾಕಿ ಬರಲಿಲ್ಲ. ಎಂಟನೇ ದಿನ ಮೊಳಕಾಲ್ಮುರಿನ ಟ್ಯಾಕ್ಸಿ ಡ್ರೈವರ್ ಒಬ್ಬ ಬಂದ.

“ಮೆಕ್ಯಾನಿಕ್ ಎಲ್ಲಮ್ಮಾ?”

“ನಾನೇ ಅಣ್ಣ.”

ಅವನು ಅಂಗಡಿಯ ಮೂಲೆಯಲ್ಲಿ ಕೂತಿದ್ದ ನನ್ನ ಕಡೆ ತಿರುಗಿದ. “ಯಜಮಾನ್ರೇ, ನೀವಾದ್ರೂ ನೋಡ್ರಿ. ಕಂಪ್ರೆಸರ್ ಹೋಗೈತೆ, ಹೊಸದೇ ಹಾಕ್ಬೇಕು ಅಂತ ಬೇರೆ ಗ್ಯಾರೇಜಿನವ್ರು ಅಂದವ್ರೆ.”

“ನಂಗೆ ಸೈಕಲ್ ಮಾತ್ರ ಬರೋದಪ್ಪ,” ಎಂದೆ. ಇವನ ಕಾರು ತಂಪಾಗದಿದ್ದರೆ ಸಂಜೆಯೊಳಗೆ ಟ್ಯಾಕ್ಸಿ ಸ್ಟ್ಯಾಂಡಿಗೆಲ್ಲ ಸುದ್ದಿ. ಆಮೇಲೆ ಈ ಹುಡುಗಿಯ ಅಂಗಡಿಗೆ ಯಾರು ಬರುತ್ತಾರೆ?

ಅವಳು ಮೀಟರ್ ಹಚ್ಚಿ ನೋಡಿದಳು. “ಗ್ಯಾಸ್ ಸೋರಿ ಹೋಗೈತೆ ಅಣ್ಣ. ಕಮ್ಮಿ ಆದ್ರೆ ಕಂಪ್ರೆಸರ್ ಹಿಡ್ಕಳಲ್ಲ. ಸತ್ತಿಲ್ಲ, ಸುಮ್ನೆ ಕೂತೈತೆ.”

ಪೈಪಿಗೆ ಒತ್ತಡ ಕೊಟ್ಟು, ಸೋಪಿನ ನೊರೆಯನ್ನು ಬ್ರಷ್ಷಿನಿಂದ ಒಂದೊಂದೇ ಜಾಯಿಂಟಿಗೆ ಬಳಿಯುತ್ತಾ ಹೋದಳು. ಮೂರನೆಯದರಲ್ಲಿ ಗುಳುಗುಳು ಗುಳ್ಳೆ ಎದ್ದವು. ನನ್ನ ಕಣ್ಣಲ್ಲೂ ನೀರು. ಟ್ಯೂಬನ್ನು ಬೋಗುಣಿಯಲ್ಲಿ ಮುಳುಗಿಸಿ ನಾನು ಹುಡುಕುತ್ತಿದ್ದದ್ದು ಇದೇ ಗುಳ್ಳೆ! ಕಾರನ್ನು ಮುಳುಗಿಸಲಾಗದೆಂದು ಅವಳು ಬೋಗುಣಿಯನ್ನೇ ಬ್ರಷ್ಷಿನ ತುದಿಯಲ್ಲಿ ತಂದಿದ್ದಳು.

ಹೊಸ ರಬ್ಬರ್ ರಿಂಗು ಹಾಕಿ, ಗ್ಯಾಸು ತುಂಬಿ, ಬಟನ್ ಒತ್ತಿದಳು. ಟಕ್! ಕಂಪ್ರೆಸರ್ ಹಿಡಿಯಿತು. ಡ್ರೈವರ್ ತಂಪು ಗಾಳಿಗೆ ಮುಖವೊಡ್ಡಿ ಕಣ್ಣು ಮುಚ್ಚಿದ.

“ಯಾರಮ್ಮಾ ಕಲಿಸಿದ್ದು?”

“ಐಟಿಐ ಮಾಡೀನಿ ಅಣ್ಣ. ಅದಕ್ಕೂ ಮುಂಚೆ ನಮ್ಮ ತಾತ ಪಂಚರ್ ಹಾಕೋದು ನೋಡೀನಿ.”

ಐಟಿಐ ಮೇಷ್ಟ್ರುಗಳು ಬೇಸರ ಮಾಡಿಕೊಳ್ಳಬಾರದು. ನನಗೆ ಎರಡನೇ ಮಾತು ಮಾತ್ರ ಕೇಳಿಸಿತು.

ಅವತ್ತಿನಿಂದ ಒಂದು ವಿಷಯ ನೆನಪಾಗುತ್ತಲೇ ಇದೆ. ಟ್ಯೂಬಿನ ಗಾಳಿ ಬಿಡುವಾಗ ಬೆರಳಿಗೆ ತಣ್ಣಗೆ ಹತ್ತುತ್ತಿತ್ತು. ನಲವತ್ತು ವರ್ಷ ಒಂದು ಕೈಯಲ್ಲಿ ಬಿಸಿ, ಇನ್ನೊಂದರಲ್ಲಿ ತಂಪು ಹಿಡಿದುಕೊಂಡೇ ಇದ್ದೆ. ಎರಡರ ನಡುವೆ ಒಂದು ಪೈಪು ಹಾಕಬೇಕೆಂದು ಮಾತ್ರ ಹೊಳೆಯಲಿಲ್ಲ. ಅದಕ್ಕೆ ಮೊಮ್ಮಗಳೇ ಹುಟ್ಟಬೇಕಾಯಿತು.