ಇಂಗ್ಲಿಷಿನ ಅರ್ಥಧಾರಿ

ಬನ್ನಂಜೆಯಲ್ಲಿ ನನ್ನನ್ನು ಇಂಗ್ಲಿಷ್ ಮೇಷ್ಟ್ರು ಎಂದು ಗುರುತಿಸುವವರಿಗಿಂತ ತಾಳಮದ್ದಳೆಯ ಮಧ್ವರಾಜ ಎಂದು ಗುರುತಿಸುವವರೇ ಹೆಚ್ಚು. ನನಗೆ ಅದರಲ್ಲಿ ಬೇಸರವಿಲ್ಲ, ಒಳಗೊಳಗೇ ಖುಷಿ. ವೇಷವಿಲ್ಲದೆ ಕೂತು, ಮಾತಿನಲ್ಲೇ ಯಕ್ಷಗಾನದ ಪ್ರಸಂಗ ನಡೆಸುವ ಅರ್ಥಧಾರಿ ನಾನು. ಭಾಗವತರು ಎರಡು ಸಾಲಿನ ಪದ್ಯ ಹಾಡಿ ಬಿಟ್ಟರೆ ಸಾಕು, ನಾನು ಅರ್ಧ ಗಂಟೆ ಅರ್ಥ ಹೇಳಬಲ್ಲೆ. ಆದರೆ ಗೆಲ್ಲುವ ಪಾತ್ರವೇ ಆಗಬೇಕು. ಸೋಲುವ ಪಾತ್ರಕ್ಕೆ ಕರೆದರೆ ನನಗೆ ಗಂಟಲು ನೋವು ಶುರುವಾಗುತ್ತದೆ.

ಈ ಚಟ ಪಾಠಕ್ಕೂ ಅಂಟಿಕೊಂಡದ್ದೇ ಕಷ್ಟ. ನನ್ನ ವಿದ್ಯಾರ್ಥಿನಿ, ಕಾಪುವಿನ ತೃಪ್ತಿ ಶನಿವಾರಗಳಂದು ಮನೆಗೆ ಬಂದು ನನ್ನ ಜೊತೆ ಇನ್ನೂರು ವರ್ಷ ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ಓದುತ್ತಿದ್ದಳು. ಅವಳ ಅಪ್ಪ ಮೀನು ಹಿಡಿಯುವ ಬೋಟಿಗೆ ಹೋಗುತ್ತಾರೆ, ಅಮ್ಮ ಕಮಲ ಮೀನು ಮಾರುತ್ತಾರೆ. ಇವಳಿಗೆ ಮಣಿಪಾಲದಲ್ಲಿ ಇಂಗ್ಲಿಷ್ ಎಂ.ಎ. ಮಾಡುವ ಆಸೆ. ಆ ಕಾದಂಬರಿಗಳ ಇಂಗ್ಲಿಷೋ, ದೇವರಿಗೇ ಪ್ರೀತಿ. ಬಂದಿದ್ದಾನೆ ಎನ್ನಲು ‘ಹಿ ಈಸ್ ಕಮ್’ ಎನ್ನುತ್ತಾರೆ. ದೊಡ್ಡ ಮನುಷ್ಯರ ‘ಕಂಡಿಸೆನ್ಷನ್’, ಅಂದರೆ ಕೆಳಗಿನವರ ಮಟ್ಟಕ್ಕೆ ಇಳಿದು ಮಾತಾಡಿಸುವುದು, ಅಲ್ಲಿ ಬೈಗುಳವಲ್ಲ, ಹೊಗಳಿಕೆ.

ಒಂದು ಶನಿವಾರ ‘ದಿ ಹೌಸ್ ವಾಸ್ ಬಿಲ್ಡಿಂಗ್’ ಎಂಬ ಸಾಲು ಎದುರಾಯಿತು.

“ಮನೆಯೇ ಕಟ್ಟುತ್ತಾ ಇತ್ತು ಅಂತ ಉಂಟಲ್ಲ, ಮನೆ ಎಂತ ಕಟ್ಟುವುದು ಸರ್?” ಎಂದು ತೃಪ್ತಿ ಕೇಳಿದಳು.

ನನಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಅಭ್ಯಾಸ ಅರ್ಥಧಾರಿಗೆ ಎಲ್ಲಿಂದ ಬರಬೇಕು? ಕಣ್ಣು ಮುಚ್ಚಿ ಶುರು ಮಾಡಿಯೇ ಬಿಟ್ಟೆ. ಮನುಷ್ಯ ತಾನು ಮನೆ ಕಟ್ಟಿದೆನೆಂದು ಬೀಗುತ್ತಾನೆ, ನಿಜದಲ್ಲಿ ಮನೆಯೇ ಮನುಷ್ಯನನ್ನು ಕಟ್ಟುತ್ತದೆ, ಕಾದಂಬರಿಕಾರರ ಗುಟ್ಟು ಇಲ್ಲುಂಟು ಎಂದೆಲ್ಲ ಬೆಳೆಸಿದೆ. ಅವಳು ಕಣ್ಣರಳಿಸಿ ಕೇಳಿದಳು. ಆ ಅರ್ಧ ಗಂಟೆಯಲ್ಲಿ ನನ್ನ ಚಾ ಆರಿಹೋಯಿತು.

ಎಂ.ಎ. ಸೇರಲು ಮಣಿಪಾಲದಲ್ಲಿ ಅವಳ ಸಂದರ್ಶನ ಆ ಸೋಮವಾರವೇ ಇತ್ತು. ಭಾನುವಾರ ಮಧ್ಯಾಹ್ನ, ನನ್ನ ಅರ್ಥವನ್ನು ಒಳಗಿನಿಂದ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಪ್ರಿಯಂವದಾ ಆ ಸಾಲನ್ನು ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಮನೆಯನ್ನು ಯಾರೋ ಕಟ್ಟಿಸುತ್ತಿದ್ದರು ಎನ್ನಲು ಆ ಕಾಲದಲ್ಲಿ ಹಾಗೆ ಬರೆಯುತ್ತಿದ್ದರಂತೆ, ಅಷ್ಟೇ. ತತ್ವವೂ ಇಲ್ಲ, ಮಣ್ಣೂ ಇಲ್ಲ.

“ಆ ಹುಡುಗಿ ನಾಳೆ ಅಲ್ಲಿ ನಿಮ್ಮ ಅರ್ಥವನ್ನೇ ಒದರಿದರೆ?” ಎಂದಳು.

ಫೋನ್ ಮಾಡಿದೆ, ತೃಪ್ತಿ ಎತ್ತಲಿಲ್ಲ. ಕಾಪುವಿನ ಬಸ್ ಹತ್ತಿದೆ. ತಪ್ಪನ್ನು ತಪ್ಪೆಂದು ಕಾಣಿಸದ ಹಾಗೆ ಹೇಳುವುದಕ್ಕೆ ದಾರಿಯುದ್ದಕ್ಕೂ ಒಂದು ಘನವಾದ ಪೀಠಿಕೆ ತಯಾರು ಮಾಡಿಕೊಂಡೆ.

ತೃಪ್ತಿ ಅಂಗಳದಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಕಮಲಕ್ಕ ನನ್ನನ್ನು ಕಂಡವರೇ, “ಒಳ್ಳೆಯದಾಯಿತು ಸರ್ ನೀವು ಬಂದದ್ದು. ನಾಳೆ ಹೋಗುವುದಿಲ್ಲ ಅಂತ ಹಟ ಹಿಡಿದಿದ್ದಾಳೆ” ಎಂದರು.

ತೃಪ್ತಿ ತಲೆ ಎತ್ತಲಿಲ್ಲ. “ನನ್ನಿಂದ ಆಗುವುದಿಲ್ಲ ಸರ್. ನಿಮಗೆ ಒಂದು ಸಾಲಿನಲ್ಲಿ ಎಷ್ಟೆಲ್ಲ ಕಾಣ್ತದೆ. ನಾನು ಎಷ್ಟು ಸಲ ಓದಿದರೂ ಅಲ್ಲಿ ಯಾರೋ ಮನೆ ಕಟ್ಟಿಸ್ತಾ ಇದ್ದಾರೆ ಅಂತ ಮಾತ್ರ ಕಾಣುವುದು.”

ನನಗೆ ನಿಂತಲ್ಲೇ ಭೂಮಿಗಿಳಿದು ಹೋಗಬಾರದೇ ಅನ್ನಿಸಿತು. ಪೀಠಿಕೆ ಪೂರ್ತಿ ಮರೆತುಹೋಯಿತು.

“ಅಲ್ಲಿರುವುದು ಅಷ್ಟೇ ಮಾರಾಯ್ತಿ. ನಿನಗೆ ಸರಿಯಾಗಿಯೇ ಕಂಡದ್ದು. ನನಗೆ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ.”

ಕಮಲಕ್ಕ ಹಳೆಯ ಬಂಗುಡೆ ಮೀನನ್ನು ನೋಡುವ ಹಾಗೆ ನನ್ನನ್ನು ನೋಡಿದರು. “ಹಾಗಾದರೆ ಇವಳಿಗೆ ಅರ್ಧ ಗಂಟೆ ಹೇಳಿದ್ದು ಎಂತ ಸರ್?”

ಪ್ರಸಂಗದಲ್ಲಿ ಸೋಲಬೇಕಾದ ಪಾತ್ರಧಾರಿ ಎಂಥ ಮಾತುಗಾರನಾದರೂ ಒಂದು ಹಂತದಲ್ಲಿ ಬಾಯಿ ಮುಚ್ಚಬೇಕು. ಅದು ತಾಳಮದ್ದಳೆಯ ಕಟ್ಟುಪಾಡು. ಕಾಪುವಿನ ಆ ಅಂಗಳದಲ್ಲಿ ನಾನು ಮೊದಲ ಬಾರಿ ಅದನ್ನು ಪಾಲಿಸಿದೆ.

ತೃಪ್ತಿ ಕೈ ಒರೆಸಿಕೊಂಡು ಎದ್ದು ನಿಂತಳು. “ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಬಹುದಾ ಸರ್, ನಾಳೆ?”

“ಹೇಳಬಹುದು” ಎಂದೆ. ಮುಂದಕ್ಕೆ ಬೆಳೆಸಲಿಲ್ಲ.

ಅವಳು ಒಳಗೆ ಹೋದಳು. “ಅಮ್ಮಾ, ಇಸ್ತ್ರಿಪೆಟ್ಟಿಗೆ ಎಲ್ಲುಂಟು?” ಎಂದು ಕೂಗಿದ್ದು ಕೇಳಿಸಿತು.