‘ಆಯ್ತು’ ಅಂದ ಮೇಲಿನ ಚಿತ್ರ

ನಮ್ಮಣ್ಣ ಹೊನ್ನಯ್ಯನನ್ನು ಮಂಡ್ಯದಲ್ಲಿ ಬರೀ ಹೊನ್ನಯ್ಯ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಲ್ಲಾಡಬೇಡಿ ಹೊನ್ನಯ್ಯ ಎನ್ನಬೇಕಿತ್ತು. ಪೇಟೆ ಬೀದಿಯಲ್ಲಿ ಅವನದೊಂದು ಫೋಟೋ ಅಂಗಡಿ. ಗೋಡೆಗೆ ಒಂದು ಪರದೆ, ಪರದೆಯ ಮೇಲೆ ಅವನೇ ಬಣ್ಣ ಬಳಿದು ಕಟ್ಟಿದ ಅರಮನೆ, ಅರಮನೆಯ ಮುಂದೆ ಒಂದು ಕೈ ಮುರಿದ ಕುರ್ಚಿ. ಮದುವೆಯಾದವರು, ಮಗು ಹೆತ್ತವರು, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕವರು ಎಲ್ಲರೂ ಬಂದು ಅಲ್ಲಿ ನಿಲ್ಲುತ್ತಿದ್ದರು. ಅಣ್ಣ ಕರಿ ಬಟ್ಟೆಯೊಳಗೆ ತಲೆ ತೂರಿಸಿ ‘ಅಲ್ಲಾಡಬೇಡಿ’ ಎಂದು ಗದರಿದರೆ ಬೀದಿಯ ಆ ತುದಿಯಲ್ಲಿ ಹೋಗುವವರೂ ಒಂದು ಗಳಿಗೆ ನಿಂತುಬಿಡುತ್ತಿದ್ದರು. ರೆಪ್ಪೆ ಬಡಿದರೆ ಬೈಗುಳ, ನಕ್ಕರಂತೂ ಮುಗಿಯಿತು. ಮದುವಣಗಿತ್ತಿಯರನ್ನು ಅಳಿಸಿದ ಪುಣ್ಯಾತ್ಮ ಅವನು.

ಗೆಜ್ಜಲಗೆರೆಗೆ ಕೂಗಳತೆಯಲ್ಲಿದ್ದ ನಮ್ಮೂರಿನ ಜನ ಪಟ ತೆಗೆಸಿಕೊಳ್ಳಬೇಕೆಂದರೆ ಅವನ ಹತ್ತಿರವೇ ಹೋಗುತ್ತಿದ್ದರು. ಹಾಗಾಗಿ ಕ್ಯಾಮೆರಾ ಎಂಬುದು ಎದುರಿಗೆ ಬಂದರೆ ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಲ್ಲಬೇಕು ಎಂದು ಇಡೀ ಊರಿಗೆ ಪಾಠ ಹೇಳಿಕೊಟ್ಟವನು ಅವನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಅವನು ಊರವರನ್ನೆಲ್ಲ ದಡ್ಡರೆಂದು ಬೈದ.

ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಒಬ್ಬ ಬಿಳಿ ದೊರೆಯ ನಾಯಿಯನ್ನು ಅಣ್ಣ ಮೇಲಿಂದ ಮೇಲೆ ಪಟ ತೆಗೆಯುತ್ತಿದ್ದ. ಅಣ್ಣನ ಮಾತಿಗೆ ಬಗ್ಗದ ಪ್ರಾಣಿ ಜಿಲ್ಲೆಯಲ್ಲಿ ಅದೊಂದೇ. ಯುದ್ಧ ಶುರುವಾದ ವರ್ಷ ದೊರೆ ತನ್ನ ಸೀಮೆಗೆ ಹೊರಟಾಗ, ನಾಯಿಯ ಪಟಗಳ ನೆನಪಿಗೆಂದು, ಕೀಲಿ ಕೊಟ್ಟರೆ ತಾನೇ ತಿರುಗುವ ಒಂದು ಚಿಕ್ಕ ಸಿನಿಮಾ ಕ್ಯಾಮೆರಾವನ್ನೂ ಅದಕ್ಕೆ ಹಾಕುವ ಒಂದು ಫಿಲಂ ಸುರುಳಿಯನ್ನೂ ಅವನ ಕೈಗೆ ಕೊಟ್ಟು ಹೋದ. ಯುದ್ಧದ ಕಾಲದಲ್ಲಿ ಇನ್ನೊಂದು ಸುರುಳಿ ಸಿಗುವ ಮಾತೇ ಇರಲಿಲ್ಲ.

ಆ ಚಳಿಗಾಲದಲ್ಲೇ ಅಣ್ಣ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದ. ಬೆಂಗಳೂರಿನ ಹವ್ಯಾಸಿಗಳ ಸಂಘವೊಂದು ಸಿನಿಮಾ ಸ್ಪರ್ಧೆ ಇಟ್ಟಿತ್ತು. ಕಂಪನಿಯವರಲ್ಲದ ಯಾರು ಬೇಕಾದರೂ ತಾವೇ ತೆಗೆದ ಮೂಕಿ ಚಿತ್ರ ಕಳಿಸಬಹುದು, ನಮ್ಮ ನಾಡಿನ ಯಾವುದಾದರೊಂದು ಕಸುಬನ್ನು ತೋರಿಸಬೇಕು. ಒಳ್ಳೆಯದೆನಿಸಿದವನ್ನು ದೊಡ್ಡ ಪರದೆಯ ಮೇಲೆ ಎಲ್ಲರಿಗೂ ತೋರಿಸುತ್ತಾರೆ. ಅಣ್ಣನ ಹತ್ತಿರ ಕ್ಯಾಮೆರಾ ಇತ್ತೇ ಹೊರತು ತೆಗೆದಿದ್ದನ್ನು ಆಡಿಸಿ ನೋಡುವ ಯಂತ್ರ ಇರಲಿಲ್ಲ. ಸ್ಪರ್ಧೆಗೆ ಆಯ್ಕೆಯಾದರೆ ಮಾತ್ರ ಅವನು ತನ್ನ ಸಿನಿಮಾವನ್ನು ತಾನೇ ನೋಡಲು ಸಾಧ್ಯ. ಅವನ ತಲೆಗೆ ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು.

ಕಸುಬು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ನಾಲೆ ನೀರು ಬಂದ ಮೇಲೆ ನಮ್ಮ ಕಬ್ಬು ಹೆಚ್ಚಿನದು ಕಾರ್ಖಾನೆಗೆ ಹೋಗುತ್ತಿತ್ತಾದರೂ ಅಪ್ಪ ಒಂದಿಷ್ಟನ್ನು ಉಳಿಸಿಕೊಂಡು ಆಲೆಮನೆ ಹಾಕುತ್ತಿದ್ದರು. ನಮ್ಮಪ್ಪ ಜವರಯ್ಯ ಬೆಲ್ಲದ ಪಾಕ ನೋಡುವುದರಲ್ಲಿ ಎತ್ತಿದ ಕೈ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲನ್ನು ಯಾವ ಗಳಿಗೆಯಲ್ಲಿ ಇಳಿಸಿದರೆ ಬೆಲ್ಲವಾಗುತ್ತದೆ ಎಂದು ಕೇಳಲು ಮದ್ದೂರಿನ ಆಚೆಯಿಂದಲೂ ಜನ ಬರುತ್ತಿದ್ದರು. ಅಪ್ಪ ಮಾತ್ರ ಈ ವಿಷಯದಲ್ಲಿ ಯಾರನ್ನೂ ಏನೂ ಕೇಳಿದವರಲ್ಲ. ಬೇರೆ ವಿಷಯದಲ್ಲೂ ಅಷ್ಟೆ. ಅವ್ವ ಚಿಕ್ಕಬೋರಮ್ಮನ ಜೊತೆ ಅವರು ಆಡುತ್ತಿದ್ದ ಮಾತನ್ನೆಲ್ಲ ಕೂಡಿಟ್ಟರೆ ಎತ್ತು, ಮುದ್ದೆ, ನೀರು ಇಷ್ಟೇ ಇರುತ್ತಿತ್ತು. ಜಗಳವೂ ಇರಲಿಲ್ಲ. ಜಗಳಕ್ಕೂ ಒಂದಿಷ್ಟು ಮಾತು ಬೇಕಲ್ಲ.

ನನ್ನನ್ನು ವೈದ್ಯನಾಥಪುರಕ್ಕೆ ಕೊಟ್ಟಿದ್ದರು. ಆ ಸಲ ಸಂಕ್ರಾಂತಿಗೆ ತವರಿಗೆ ಬಂದಿದ್ದೆ, ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ. ಅಣ್ಣ ಬಿಸಿಲು ಚೆನ್ನಾಗಿ ಏರಿದ ಮೇಲೆ ಆಲೆಮನೆಯ ಮುಂದೆ ಮೂರು ಕಾಲಿನ ಸ್ಟ್ಯಾಂಡ್ ನೆಟ್ಟು, ಅದರ ಮೇಲೆ ಕ್ಯಾಮೆರಾ ಕೂಡಿಸಿದ. ನಿಮ್ಮ ನಿಮ್ಮ ಕೆಲಸ ನೀವು ಮಾಡಿ, ನಾನಿದ್ದೇನೆ ಅನ್ನೋದನ್ನೇ ಮರೆತುಬಿಡಿ ಎಂದು ಎಲ್ಲರಿಗೂ ತಿಳಿಸಿ ಹೇಳಿದ. ಎಲ್ಲರೂ ತಲೆಯಾಡಿಸಿದರು. ಅವನು ಗುಂಡಿ ಒತ್ತಿದ್ದೇ ತಡ, ಗಾಣಕ್ಕೆ ಕಬ್ಬು ಕೊಡುತ್ತಿದ್ದ ಮಾದಯ್ಯ ಕಬ್ಬನ್ನು ಕೋವಿಯ ಹಾಗೆ ಹೆಗಲಿಗಿಟ್ಟು ನೆಟ್ಟಗೆ ನಿಂತ. ಒಲೆಗೆ ಸಿಪ್ಪೆ ತುಂಬುತ್ತಿದ್ದವರು ಎದ್ದು ಬಂದು ಸಾಲಾಗಿ ನಿಂತರು. ಅಪ್ಪ ಪಾಕ ಕೈಯಾಡಿಸುವ ಹುಟ್ಟು ಹಿಡಿದು ಕೊಪ್ಪರಿಗೆಯ ಪಕ್ಕ ನಿಂತರು, ಬುತ್ತಿ ತಂದಿದ್ದ ಅವ್ವ ಪಕ್ಕದಲ್ಲಿ ಸೆರಗು ಸರಿಮಾಡಿಕೊಂಡು ನಿಂತಳು. ನಾನೂ ನಿಂತೆ, ಸುಳ್ಳು ಯಾಕೆ ಹೇಳಲಿ. ಗಾಣದ ಎತ್ತುಗಳು ಮಾತ್ರ ತಮ್ಮ ಪಾಡಿಗೆ ತಾವು ಸುತ್ತುತ್ತಿದ್ದವು. ಅವು ಅಣ್ಣನ ಅಂಗಡಿಗೆ ಹೋದವಲ್ಲವಲ್ಲ.

ಅಣ್ಣ ಕೂಗಾಡಿದ. ಅಲ್ಲಾಡ್ರೋ, ಅಲ್ಲಾಡ್ರೋ ಎಂದು ಬೇಡಿಕೊಂಡ. ಅವನ ಬಾಯಲ್ಲಿ ಆ ಮಾತನ್ನು ಹಿಂದೆಂದೂ ಕೇಳದಿದ್ದ ಜನ ಇನ್ನಷ್ಟು ಗಾಬರಿಯಾಗಿ ಬಿಗಿದುಕೊಂಡರು. ಮತ್ತೆ ಮತ್ತೆ ಕೀಲಿ ತಿರುಗಿಸಿ ಸುರುಳಿಯ ಮುಕ್ಕಾಲು ಪಾಲು ಹೀಗೇ ಹೋದ ಮೇಲೆ ಅವನು ಸೋತು ‘ಆಯ್ತು’ ಎಂದು ಸಿಡುಕಿ, ಕ್ಯಾಮೆರಾಕ್ಕೆ ಬೆನ್ನು ಹಾಕಿ ಹೋಗಿ ಬೇಲಿಯ ಪಕ್ಕ ಕೂತುಬಿಟ್ಟ. ಒತ್ತಿದ ಗುಂಡಿ ಒಳಗೇ ಕಚ್ಚಿಕೊಂಡಿದೆ ಎಂದು ಅವನು ನೋಡಲಿಲ್ಲ. ಕ್ಯಾಮೆರಾ ಓಡುವ ಸದ್ದು ಗಾಣದ ಕಿರುಗುಟ್ಟುವಿಕೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಬಂದು ನೋಡಿದಾಗ ಸುರುಳಿ ಖಾಲಿಯಾಗಿತ್ತು. ಊರವರು ದಡ್ಡರು ಎಂದು ಬೈದದ್ದು ಆಗಲೇ.

ಸುರುಳಿಯನ್ನು ತೊಳೆಸಿ ಚಿತ್ರ ಮೂಡಿಸಲು ಬೊಂಬಾಯಿಗೆ ಕಳಿಸಿದ. ಅದು ತೊಳೆದು ಬಂದರೆ ಬಂತು, ಇನ್ನೊಂದು ಪ್ರತಿ ಅಂತ ಇಲ್ಲ. ಬರುವ ಹೊತ್ತಿಗೆ ಬಹಳ ತಡವಾಗಿ, ಸ್ಪರ್ಧೆಗೆ ಕೊಡಲು ಮಾರನೆಯ ದಿನವೇ ಕಡೆಯದಾಗಿತ್ತು. ಅಣ್ಣ ಡಬ್ಬಿ ಹಿಡಿದುಕೊಂಡು ಅಂಗಡಿ ಮುಚ್ಚಿ ಊರಿಗೇ ಬಂದ. ನಾನೂ ಆಗ ಊರಹಬ್ಬಕ್ಕೆಂದು ಬಂದಿದ್ದೆ. ಅವನು ಫಿಲಮನ್ನು ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದೇ ಚಿತ್ರ ನೋಡತೊಡಗಿದ. ಮೊದಮೊದಲು ಮುಖ ಸಪ್ಪಗಿತ್ತು. ಕೊನೆಕೊನೆಗೆ ಬಂದವನು ಫಿಲಮನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದ.

ಅವನು ‘ಆಯ್ತು’ ಅಂದ ಮೇಲಿನದೆಲ್ಲ ಅಲ್ಲಿತ್ತು. ಕಂಬಗಳೆಲ್ಲ ಮನುಷ್ಯರಾಗಿದ್ದರು. ಮಾದಯ್ಯ ನಡು ನೀವಿಕೊಂಡು ನಗುತ್ತಿದ್ದ. ಒಬ್ಬ ಇನ್ನೊಬ್ಬನ ರುಮಾಲು ಕಿತ್ತು ಓಡುತ್ತಿದ್ದ. ಒಲೆ ಉರಿಯುತ್ತಿತ್ತು, ಕಬ್ಬು ಗಾಣಕ್ಕೆ ಹೋಗುತ್ತಿತ್ತು, ಆಲೆಮನೆ ಎಂದರೆ ಏನೋ ಅದೆಲ್ಲ ನಡೆಯುತ್ತಿತ್ತು. ಎಲ್ಲರಿಗಿಂತ ಮುಂದೆ, ಕೊಪ್ಪರಿಗೆಯ ಪಕ್ಕದಲ್ಲಿ, ನಮ್ಮಪ್ಪ ಕಬ್ಬಿನ ತುಂಡೊಂದನ್ನು ಪಾಕಕ್ಕೆ ಅದ್ದಿ ಎತ್ತಿ, ಬಾಯಿಂದ ಊದಿ ಊದಿ ಆರಿಸಿ, ಅದನ್ನು ಅವ್ವನ ಬಾಯಿಗೆ ಇಡುತ್ತಿದ್ದರು. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ಅಪ್ಪನ ಇನ್ನೊಂದು ಕೈ ಪಾಕ ತೊಟ್ಟಿಕ್ಕೀತೆಂದು ಅವ್ವನ ಗದ್ದದ ಕೆಳಗಿತ್ತು. ಮದುವೆಯಾಗಿ ನನಗೂ ವರ್ಷಗಳಾಗಿದ್ದವು. ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಅಪ್ಪ ಬಂದು ಭೂತಗನ್ನಡಿಗೆ ಕಣ್ಣಿಟ್ಟರು. ನೋಡಿದವರೇ ಫಿಲಮನ್ನು ಹಾವು ಕೊಡವುವ ಹಾಗೆ ಕೈಬಿಟ್ಟರು. ಪಾಕ ಬಂತಾ ಅಂತ ನೋಡಲು ಕೊಟ್ಟೆ, ಅದರಲ್ಲಿ ಇನ್ನೇನೂ ಇಲ್ಲ ಎಂದರು. ಯಾರೂ ಏನೂ ಕೇಳಿರಲಿಲ್ಲ. ಸುತ್ತ ಹತ್ತೂರಿಗೆ ಪಾಕ ನೋಡಿಕೊಡುವ ಜವರಯ್ಯ, ತಮ್ಮ ಪಾಕ ನೋಡಲು ಹೆಂಡತಿಗೆ ಕೊಟ್ಟರಂತೆ. ನಗು ತಡೆದುಕೊಳ್ಳಲು ನಾನು ಒಳಗೆ ಹೋಗಬೇಕಾಯಿತು.

ಅಪ್ಪ ಮಾತ್ರ ನಗಲಿಲ್ಲ. ಹಿತ್ತಲ ಕಡೆ ಹೊರಟವರು ತಿರುಗಿ ನಿಂತು, “ಅದೊಂದನ್ನ ಕತ್ತರಿಸಾಕ್ಲಾ. ನಾಕು ಜನ ನೋಡುದ್ರೆ ನಾನು ಊರಾಗೆ ತಲೆ ಎತ್ಕೊಂಡು ತಿರ್ಗಕಾಯ್ತದಾ?” ಎಂದರು.

ಅಣ್ಣ ಕಷ್ಟಕ್ಕೆ ಸಿಕ್ಕಿಕೊಂಡ. ಅಪ್ಪ, ಅವ್ವ ಚಿತ್ರದ ನಟ್ಟನಡುವೆ ನಿಂತಿದ್ದರು. ಅವರನ್ನು ತೆಗೆದರೆ ‘ಆಯ್ತು’ ಅಂದ ಮೇಲಿನದೆಲ್ಲ ಹೋಗುತ್ತದೆ, ಉಳಿಯುವುದು ಕಂಬಗಳು, ಎತ್ತುಗಳು. ಅದನ್ನು ಸಿನಿಮಾ ಎಂದು ಯಾರೂ ಒಪ್ಪುವುದಿಲ್ಲ. ಹಾಗೇ ಕಳಿಸೋಣವೆಂದರೆ ನಮ್ಮ ಮನೆಯಲ್ಲಿ ಅಪ್ಪನ ಮಾತು ಮೀರಿದವರಿಲ್ಲ. ಅವನು ಕತ್ತರಿ ತಂದು ಜಗಲಿಯ ಮೇಲೆ ಇಟ್ಟುಕೊಂಡು, ಫಿಲಮನ್ನು ತೊಡೆಯ ಮೇಲೆ ಹಾಕಿಕೊಂಡು, ಸಾಯಂಕಾಲದವರೆಗೂ ಕೂತ.

ಅವ್ವ ರಾಗಿ ಕೇರುತ್ತಾ ಕೂತಿದ್ದಳು. ಅವಳಿಗೆ ದೃಷ್ಟಿ ಮಂದ, ಭೂತಗನ್ನಡಿಯಲ್ಲೂ ಏನೂ ಕಂಡಿರಲಿಲ್ಲ, ಚಿತ್ರದಲ್ಲಿರುವುದನ್ನು ನಾನೇ ಹೇಳಿದ್ದೆ. ಅಪ್ಪ ಎತ್ತು ಹೊಡೆದುಕೊಂಡು ಬಂದು ಕಟ್ಟುತ್ತಿದ್ದರು. ಅವರಿಗೆ ಕೇಳಿಸುವ ಹಾಗೆ, ಆದರೆ ಅಣ್ಣನ ಕಡೆ ನೋಡುತ್ತಾ ಅವ್ವ ಅಂದಳು:

“ಈ ಮನೆಗೆ ಬಂದಾಗಿಂದ ನಿಮ್ಮಪ್ಪ ನನ್ ಬಾಯಿಗೆ ಇಟ್ಟಿದ್ದು ಅದೊಂದ್ಸಲಾನೇ ಕಣ್ ಮಗಾ. ಅದ್ನೂ ಕತ್ತರಿಸ್ಬೇಕಾ?”

ಅಪ್ಪನ ಕೈಯಲ್ಲಿ ಹಗ್ಗ ಹಾಗೇ ಉಳಿಯಿತು. ಎತ್ತು ಒಮ್ಮೆ ತಲೆ ಕೊಡವಿತು. ಅಪ್ಪ ಗಂಟು ಹಾಕಿದರು, ಹುಲ್ಲು ಹಾಕಿದರು, ಕೈಕಾಲು ತೊಳೆದುಕೊಂಡರು. ಜಗಲಿ ಹತ್ತುವಾಗ ಕತ್ತರಿಯನ್ನು ಎತ್ತಿಕೊಂಡು ಒಳಗೆ ಹೋಗಿ ಅದರ ಜಾಗದಲ್ಲಿ ಸಿಕ್ಕಿಸಿದರು. ಊಟಕ್ಕೆ ಕೂತಾಗ, ನಾಳೆ ರೈಲು ಎಷ್ಟೊತ್ತಿಗೆ ಎಂದು ಅಣ್ಣನನ್ನು ಕೇಳಿದರು.

ಬೆಳಿಗ್ಗೆ ಅವ್ವ ಫಿಲಂ ಡಬ್ಬಿಯನ್ನು ಬುತ್ತಿ ಕಟ್ಟುವ ಬಟ್ಟೆಯಲ್ಲಿ ಕಟ್ಟಿ, ಜೊತೆಗೆ ಒಂದು ಅಚ್ಚು ಬೆಲ್ಲವನ್ನೂ ಇಟ್ಟು ಕೊಟ್ಟಳು. ಸಂಘದ ಆಫೀಸಿನಲ್ಲಿ ಆ ಗಂಟು ಬಿಚ್ಚಿದವರು ಯಾವುದನ್ನು ಸ್ಪರ್ಧೆಗೆ ತಂದಿದ್ದೀರಿ ಎಂದು ಕೇಳಿದರಂತೆ. ಬೆಲ್ಲವನ್ನು ಅವರು ಅಲ್ಲೇ ತಿಂದು ಮುಗಿಸಿದರು, ಫಿಲಂ ಆಯ್ಕೆಯಾಗಿ ಬೇಸಿಗೆಯಲ್ಲಿ ತೋರಿಸುವುದಾಯಿತು.

ಅಪ್ಪ ಬರಲಿಲ್ಲ. ದನ ನೋಡಿಕೊಳ್ಳುವವರು ಬೇಡವೇ ಎಂದರು. ನಾನು, ಅವ್ವ, ಅಣ್ಣ ಬೆಂಗಳೂರಿಗೆ ಹೋದೆವು. ಅವ್ವನ ಕಣ್ಣಿಗೆ ಕಾಣಲೆಂದು ಸಂಘದವರು ನಮ್ಮನ್ನು ಮುಂದೆಯೇ ಕೂರಿಸಿದರು. ದೀಪ ಆರಿಸಿದರು. ಪರದೆಯ ಮೇಲೆ ನಮ್ಮೂರು ಬಂತು, ಬಂದು ನಿಂತುಬಿಟ್ಟಿತು. ಯಂತ್ರ ಕೆಟ್ಟಿತೇನೋ ಎಂದು ಆಡಿಸುವವನು ಎದ್ದು ನೋಡಿದ. ಆಗ ಎತ್ತುಗಳು ಒಂದು ಸುತ್ತು ಬಂದವು, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣ ಕುರ್ಚಿಯಲ್ಲಿ ಕುಗ್ಗಿ ಕುಗ್ಗಿ ಕಾಣದಂತಾದ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲರ ಮೈಯೂ ಸಡಿಲವಾಯಿತು. ಅಪ್ಪ ಪಾಕಕ್ಕೆ ಕಬ್ಬು ಅದ್ದಿದರು, ಊದಿದರು, ಅಷ್ಟು ದೊಡ್ಡ ಪರದೆಯ ತುಂಬ ಅವ್ವನ ಬಾಯಿಗೆ ಇಟ್ಟರು. ನಗುತ್ತಿದ್ದವರು ಸುಮ್ಮನಾದರು. ಪಕ್ಕದಲ್ಲಿ ಅವ್ವ ನನ್ನ ಕೈಯನ್ನು ನೋಯುವಷ್ಟು ಹಿಡಿದುಕೊಂಡಿದ್ದಳು. ಅವಳ ಬಾಯಿ ತುಸು ತೆರೆದಿತ್ತು.

ಮೊದಲು ನಿಲ್ಲಿಸಿ ಆಮೇಲೆ ಬಿಡುವ ಉಪಾಯ ಬಹಳ ಚೆನ್ನಾಗಿದೆ, ಹೇಗೆ ಹೊಳೆಯಿತು ಎಂದು ತೀರ್ಪು ಕೊಡುವವರು ಅಣ್ಣನನ್ನು ಕೇಳಿದರು. ಅಣ್ಣ ಗಂಭೀರವಾಗಿ, ಬಹಳ ದಿನ ಯೋಚನೆ ಮಾಡಿದೆ ಸ್ವಾಮಿ ಎಂದ. ಮೂರನೆಯ ಬಹುಮಾನವೆಂದು ಒಂದು ಕಪ್ಪು ಕೊಟ್ಟರು. ಅವ್ವ ಅದರಲ್ಲಿ ಮೊಸರಿಗೆ ಹೆಪ್ಪು ಇಡುತ್ತಿದ್ದಳು.

ಯುದ್ಧ ಮುಗಿದರೂ ಅಣ್ಣನಿಗೆ ಇನ್ನೊಂದು ಸುರುಳಿ ಸಿಗಲಿಲ್ಲ. ಅದಕ್ಕಾಗಿ ಅವನು ಕೊರಗಿದ್ದನ್ನು ನಾನು ಕಾಣೆ. ಸ್ವಾತಂತ್ರ್ಯ ಬಂದ ದಿನ ಪೇಟೆ ಬೀದಿಯವರನ್ನೆಲ್ಲ ಒಂದೇ ಪಟದಲ್ಲಿ ಹಿಡಿದ, ಒಬ್ಬರನ್ನೂ ಗದರಲಿಲ್ಲ. ಅರ್ಧ ಜನರ ಮುಖ ಕಲಸಿಹೋಗಿತ್ತು. ಹಾಗೇ ಇರಲಿ ಬಿಡಿ ಎಂದು ಅದನ್ನೇ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ.

ನನಗೆ ಹೆಚ್ಚು ನೆನಪಿರುವುದು ಬೆಂಗಳೂರಲ್ಲ, ಅದರ ಮುಂದಿನ ಸಂಕ್ರಾಂತಿ. ಅಣ್ಣ ಮದುವೆಯೊಂದರ ಪಟ ತೆಗೆಯಲು ಮಳವಳ್ಳಿಗೆ ಹೋಗಿದ್ದ. ನಾನು, ಅವ್ವ ಆಲೆಮನೆಗೆ ಬುತ್ತಿ ಕೊಂಡುಹೋದೆವು. ಸಿನಿಮಾ ವಿಷಯ ಊರಿಗೆಲ್ಲ ಗೊತ್ತಾಗಿ, ಅಪ್ಪ ವರ್ಷವಿಡೀ ಚೇಷ್ಟೆ ಮಾತು ಕೇಳಿಸಿಕೊಂಡಿದ್ದರು. ಮಾದಯ್ಯ, ಒಲೆಯ ಹತ್ತಿರದವರು, ಎಲ್ಲರೂ ಇದ್ದರು. ಪಾಕ ಹದಕ್ಕೆ ಬರುವ ಹೊತ್ತಿಗೆ ಅಪ್ಪ ಕಬ್ಬಿನ ತುಂಡೊಂದನ್ನು ಅದ್ದಿ ಎತ್ತಿ, ಊದಿ ಆರಿಸಿ, ಅಷ್ಟು ಜನರ ಮುಂದೆ ಅವ್ವನ ಕಡೆ ಹಿಡಿದರು. ಗಾಣದವರು ಗಾಣ ನಿಲ್ಲಿಸಿದರು.

ಅವ್ವನಿಗೆ ನಾಚಿಕೆಯಾಯಿತು. “ಒನ್ನಯ್ಯ ಬಂದಿಲ್ಲ ಇವತ್ತು. ಪಟ ತೆಗೆಯೋರು ಯಾರೂ ಇಲ್ಲ” ಎಂದಳು.

“ಅದ್ಕೇ ಕೊಡ್ತಿರೋದು. ಆರೋಯ್ತದೆ, ತಿನ್ನು” ಎಂದರು ಅಪ್ಪ.